ಹೋಲಿಕೆಗೆ ಇಟ್ಟ ಸ್ಲೈಡು

ಸ್ತನ ಕ್ಯಾನ್ಸರ್ ಇರುವ ಹೆಂಗಸರ ಕೆನ್ನೆಯೊಳಗಿನ ಜೀವಕೋಶಗಳಲ್ಲಿ, ದೊಡ್ಡ ಕೋಶಕೇಂದ್ರದ ಪಕ್ಕದಲ್ಲೇ ಒಡೆದ ಚೂರಿನಂಥ ಕಿರುಕೇಂದ್ರಗಳು ಹೆಚ್ಚಿರುತ್ತವೆ ಎಂಬುದು ನಮ್ಮ ಪ್ರೊಫೆಸರರ ಸಂಶೋಧನೆ. ಹೋಲಿಸಿ ನೋಡಲು ಆರೋಗ್ಯವಂತರ ಸ್ಲೈಡುಗಳನ್ನೂ ಇಟ್ಟಿದ್ದೆವು. ಅವುಗಳಲ್ಲೊಂದರಲ್ಲಿ ಕಿರುಕೇಂದ್ರಗಳು ಕಿಕ್ಕಿರಿದಿದ್ದವು.

ಪ್ರೊಫೆಸರರು ಬೋಂಡಾ ತಿಂದ ಕೈಯನ್ನು ಬಿಳಿ ಕೋಟಿಗೇ ಒರೆಸಿಕೊಂಡು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು.

"ಎಸೆದ್ಬಿಡಮ್ಮ ಇದನ್ನ. ಫಲಿತಾಂಶ ಎಲ್ಲಾ ಕೆಡಿಸುತ್ತೆ."

"ಸರ್, ಒಂದ್ಸಲ ಎದೆ ಪರೀಕ್ಷೆ ಮಾಡಿಸ್ಕೊಳ್ಳಿ ಅಂತ ಆ ಹೆಂಗಸಿಗೆ ಹೇಳೋದು ಬೇಡ್ವಾ?"

"ಹೇಳಿದ್ರೆ ಸ್ಕ್ಯಾನು, ರಿಪೋರ್ಟು ಅಂತ ಎಲ್ಲಾ ತಡ ಆಗುತ್ತೆ. ಸೋಮವಾರ ಸಮ್ಮೇಳನದಲ್ಲಿ ನಾನು ಪ್ರಬಂಧ ಓದ್ಬೇಕು. ನಿನ್ನ ಕೆನ್ನೆಯದೇ ಒಂದು ಮಾಡಿ ಆ ಜಾಗಕ್ಕಿಡು."

ನಾನು ದಾಖಲೆ ಪುಸ್ತಕ ತೆರೆದು ಆ ಸ್ಲೈಡಿನ ಸಂಖ್ಯೆಯ ಮೇಲೆ ಬೆರಳಿಟ್ಟೆ.

"ಸರ್, ಆರೋಗ್ಯವಂತರು ಸಾಲದು ಅಂತ ಹೋದ ತಿಂಗಳು ನಿಮ್ಮ ಮನೆಯವರನ್ನೇ ಕರ್ಕೊಂಡು ಬಂದಿದ್ರಲ್ಲ. ಇದು ಅವರದು."

ಅವರು ಸ್ಲೈಡನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಕ್ಷಣ ನನಗೆ ಅವರ ಮೇಲೆ ಕನಿಕರವೇ ಹುಟ್ಟಿತು.

"ಗೊತ್ತು," ಎಂದು ಅದನ್ನು ಕಸದ ಡಬ್ಬಿಗೆ ಹಾಕಿದರು. "ಪ್ರಬಂಧ ಓದಿ ಬಂದ್ಮೇಲೆ ಅವಳಿಗೆ ಹೇಳಿದ್ರಾಯ್ತು."