ಮಾಲೀಕರೇ ಹೇಳಬೇಕು

"ಜೀವ ಇದೆ ತಾನೇ ಇದಕ್ಕೆ? ಬೆಳಕು ಬರ್ತಿದೆ ತಾನೇ? ಮತ್ಯಾಕೆ ಮಾತಾಡಲ್ಲ?"

ಗಂಡ ಟ್ಯಾಬ್ಲೆಟ್ಟನ್ನು ಕೌಂಟರಿನ ಗಾಜಿನ ಮೇಲೆ ಕುಕ್ಕಿದ. ಸರ್ವೀಸ್ ಸೆಂಟರಿನಲ್ಲಿ ಟೋಕನ್ ಹಿಡಿದು ಕೂತಿದ್ದವರೆಲ್ಲ ತಲೆಯೆತ್ತಿದರು. ಅವನ ಪಕ್ಕದಲ್ಲಿ, ಗಾಲಿಕುರ್ಚಿಯಲ್ಲಿ ಹೆಂಡತಿ. ಬಲಗೈ ಮಡಿಲಲ್ಲಿ ಸತ್ತಂತೆ ಬಿದ್ದಿತ್ತು. ಎಡಗೈ ಟ್ಯಾಬ್ಲೆಟ್ಟಿನ ಕಡೆ ಚಾಚಿತ್ತು.

ಕೌಂಟರಿನ ಹುಡುಗಿ ಪರದೆಯನ್ನು ಅತ್ತಿತ್ತ ಸರಿಸಿ ನೋಡಿದಳು. "ಎಲ್ಲಾ ಸರಿಯಾಗೇ ಇದೆಯಲ್ಲ ಸರ್?"

"ಮಾತಿನ ಆ್ಯಪ್ ಎಲ್ಲಿದೆ ತೋರಿಸಮ್ಮ. ಹೋದ ವಾರ ಅದೇನೋ ಅಪ್‌ಡೇಟ್ ಬಂತು, ಆಮೇಲೆ ನೋಡಿದ್ರೆ ಮಾಯ. ಇವಳಿಗೆ ಸ್ಟ್ರೋಕ್ ಆಗಿದೆ. ಮಾತು ಹೋಯ್ತು. ಬರೆಯೋಣ ಅಂದ್ರೆ ಅಕ್ಷರ ಸೇರಲ್ಲ. ಇದರಲ್ಲಿ ಲೋಟದ ಚಿತ್ರ ಮುಟ್ಟಿದ್ರೆ 'ನೀರು ಬೇಕು' ಅಂತಿತ್ತು."

ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಹೆಂಗಸು ಆಕೆ. ಬಾಯಿಗೆ ಬಿಡುವೇ ಇರಲಿಲ್ಲ. ಗಿರಾಕಿಗಳು ಹುಬ್ಬು ತೀಡಿಸಿಕೊಳ್ಳುವ ನೆಪದಲ್ಲಿ ಹರಟೆಗೆ ಬರುತ್ತಿದ್ದರು. ಸ್ಟ್ರೋಕ್ ಆದ ಮೇಲೆ ಉಳಿದದ್ದು 'ಹಾಂ' ಎಂಬ ಒಂದು ಸದ್ದು. ಹೌದಿಗೂ ಅದೇ, ಇಲ್ಲಕ್ಕೂ ಅದೇ. ತಲೆಯಾಡಿಸಿದರೂ ಅಷ್ಟೇ, ಒಮ್ಮೊಮ್ಮೆ ಉಲ್ಟಾ ಆಗುತ್ತಿತ್ತು. ಚಿತ್ರ ಮಾತ್ರ ತಪ್ಪುತ್ತಿರಲಿಲ್ಲ.

"ಈ ಅಪ್‌ಡೇಟಲ್ಲಿ ಕೆಲವು ಹಳೇ ಆ್ಯಪ್ ಹೋಗಿವೆ ಸರ್, ಅದರ ಜೊತೆ ಹೋಗಿರಬಹುದು. ಮತ್ತೆ ಹಾಕೋಕೆ ಅಕೌಂಟ್ ಪಾಸ್‌ವರ್ಡ್ ಬೇಕು."

"ನನಗೆ ಗೊತ್ತಿಲ್ಲ."

"ಪಾಸ್‌ವರ್ಡ್ ಮಾಲೀಕರೇ ಹೇಳಬೇಕು ಸರ್. ಇದು ಮೇಡಂದೇ ಅಲ್ವಾ?"

"ಹೇಳೋಕೇ ತಾನೇ ತಾಯಿ ಇದು ಬೇಕಾಗಿರೋದು!"

ಹಿಂದೆ ಯಾರೋ ನಕ್ಕರು. ಗಾಲಿಕುರ್ಚಿಯ ಕಡೆ ನೋಡಿ ಬಾಯಿ ಮುಚ್ಚಿಕೊಂಡರು.

ಬೇರೆ ಕಂಪನಿಯ ಟ್ಯಾಬ್ಲೆಟ್ ಕೊಳ್ಳಬಾರದೇ ಎಂದು ಕನ್ನಡಕದ ಅಜ್ಜಿಯೊಬ್ಬರು ಕೇಳಿದರು. ಹುಡುಗಿ ತಲೆಯಾಡಿಸಿದಳು. ಈ ಆ್ಯಪ್ ಇವರ ಸ್ಟೋರಿನಲ್ಲಿ ಮಾತ್ರ ಸಿಗುವುದು. ಹೊರಗಿನಿಂದ ಹಾಕಲು ಬಿಡುವುದಿಲ್ಲ. ಒಳಗಿದ್ದ ಚಿತ್ರಗಳೂ ಬೇರೆಡೆಗೆ ಹೋಗುವುದಿಲ್ಲ. ಮಾತಿನ ತರಬೇತಿ ಕೊಡುವಾಕೆಯ ಜೊತೆ ಕೂತು ಹೆಂಡತಿ ತಿಂಗಳುಗಟ್ಟಲೆ ಕೂಡಿಸಿದ್ದ ಚಿತ್ರಗಳು ಅವು. ತನ್ನ ಹಾಸಿಗೆ, ತನ್ನ ಚಪ್ಪಲಿ, ತನ್ನ ಅಕ್ಕನ ಮುಖ.

"ನನ್ನದೂ ಇದೇ ಗೋಳು," ಎಂದ ಹಿಂದೆ ಕೂತಿದ್ದ ಟೋಪಿಯವನೊಬ್ಬ. "ಹೊರಗಡೆ ಅಂಗಡೀಲಿ ಸ್ಕ್ರೀನ್ ಹಾಕಿಸಿದೆ ಅಂತ ಫೋನು ನನ್ನನ್ನೇ ಕಳ್ಳನ ಥರ ನೋಡುತ್ತೆ."

"ದುಡ್ಡು ನಮ್ಮದು, ವಸ್ತು ನಮ್ಮದು, ಅಪ್ಪಣೆ ಮಾತ್ರ ಯಾರದೋ!" ಎಂದ ಗಂಡ. ಕುರ್ಚಿಗಳೆಲ್ಲ ಹೌದು ಹೌದೆಂದವು. ಹುಡುಗಿಗೂ ಹೌದೆನ್ನಬೇಕೆನಿಸಿತು. ಆದರೆ ಎದೆಯ ಮೇಲೆ ಕಂಪನಿಯ ಬ್ಯಾಡ್ಜ್ ಇತ್ತು.

ಒಳಗೆ ಹೋಗಿ ಮ್ಯಾನೇಜರನ್ನು ಕೇಳಿ ಬಂದಳು. ಪಾಸ್‌ವರ್ಡ್ ಮರೆತವರಿಗೊಂದು ಗುಟ್ಟಿನ ಪ್ರಶ್ನೆ ಇರುತ್ತದೆ. ಬಗ್ಗಿ, ಹೆಂಡತಿಯ ಕಿವಿಯ ಹತ್ತಿರ ಓದಿದಳು. "ಮೇಡಂ, ನೀವು ಮೊದಲು ಓದಿದ ಶಾಲೆ ಯಾವುದು?"

ಆಕೆಯ ಕಣ್ಣು ಅರಳಿತು. ಗೊತ್ತಿತ್ತು. ತುಟಿ ಸೊಟ್ಟಗಾಯಿತು, ಕತ್ತಿನ ನರ ಉಬ್ಬಿತು. "ಹಾಂ," ಎಂದಳು. ಮತ್ತೆ, "ಹಾಂ." ಎಡಗೈ ಬೆರಳು ಗಾಳಿಯಲ್ಲಿ ಏನೋ ಗೀಚಿ, ದಾರಿ ತಪ್ಪಿ, ನಿಂತಿತು. ಗಂಡ ಕರವಸ್ತ್ರ ತೆಗೆದು ಅವಳ ಬಾಯಂಚು ಒರೆಸಿದ.

"ಬಿಡಮ್ಮ, ಹಿಂಸೆ ಕೊಡಬೇಡ. ಭಾನುವಾರ ಇವಳ ಅಕ್ಕ ಊರಿಂದ ಬರ್ತಾರೆ. ಏನೋ ಕೇಳಬೇಕಂತೆ. ನನ್ನನ್ನಲ್ಲ, ಇವಳನ್ನೇ ಕೇಳಬೇಕಂತೆ. ಇದು ಆಗೋ ಕೆಲಸ ಅಲ್ಲ ಅಂತ ಒಂದು ಚೀಟಿನಾದ್ರೂ ಬರೆದುಕೊಡು. ನಾನು ಹೇಳಿದ್ರೆ ಅವರು ನಂಬೋರಲ್ಲ."

ಹುಡುಗಿ ಪೆನ್ನು ಎತ್ತಿಕೊಂಡಳು. ಮತ್ತೆ ಕೆಳಗಿಟ್ಟಳು. "ಒಂದು ನಿಮಿಷ ಸರ್. ಇನ್ನೊಂದು ದಾರಿ ಇದೆ. ಮೊದಲು ಸೆಟ್ ಮಾಡುವಾಗ ಯಾವ ಫೋನ್ ನಂಬರ್ ಕೊಟ್ಟಿದ್ದರೋ ಅದಕ್ಕೆ ಇಲ್ಲಿಂದ ಕೋರಿಕೆ ಕಳಿಸ್ತೀನಿ. ಆ ಫೋನಲ್ಲಿ 'ಆಗಲಿ' ಅಂತ ಒತ್ತಿದ್ರೆ ಸಾಕು, ಎಲ್ಲಾ ವಾಪಸ್ ಬರುತ್ತೆ."

ಗಂಡ ಕೌಂಟರಿನ ಮೇಲೆ ಬಾಗಿದ. "ಆ ನಂಬರ್ ನಿಮಗೆ ಕಾಣುತ್ತಾ?"

"ಇಲ್ಲ ಸರ್. ಕಂಪನಿಯವರು ಅದನ್ನೂ ಮುಚ್ಚಿಡ್ತಾರೆ."

"ಹಾಳಾಗಲಿ. ಮಾರಿದ ಅಂಗಡಿಯವನದೇ ಇರಬೇಕು. ಅವನೇ ಎಲ್ಲಾ ಹಾಕಿಕೊಟ್ಟಿದ್ದು. ಈಗ ಅಂಗಡಿ ಮುಚ್ಚಿ ಎಲ್ಲಿಗೋ ಹೋಗಿದ್ದಾನೆ."

ಆದರೂ ಹುಡುಗಿ ಕಳಿಸಿದಳು. ಪರದೆಯ ಮೇಲೆ ಸಣ್ಣದೊಂದು ಚಕ್ರ ಸುತ್ತಿತು, ಸುತ್ತುತ್ತಲೇ ಇತ್ತು. ಎಲ್ಲರೂ ಅದನ್ನೇ ನೋಡಿದರು. ಏನೂ ಆಗಲಿಲ್ಲ.

ಹೆಂಡತಿ ಥಟ್ಟನೆ ಗಂಡನ ಪ್ಯಾಂಟನ್ನು ಹಿಡಿದು ಜಗ್ಗಿದಳು. "ಹಾಂ! ಹಾಂ! ಹಾಂ!"

"ಮನೆಗೆ ಹೋಗೋಣ ಅಂತಿದ್ದಾಳೆ," ಎಂದ ಗಂಡ. ಅವಳ ಬೆರಳುಗಳನ್ನು ಒಂದೊಂದಾಗಿ, ನೋವಾಗದಂತೆ ಬಿಡಿಸಿದ. "ಆಯ್ತು ಕಣೇ. ಆಯ್ತು. ಸುಸ್ತಾಗಿದೆ ನಿನಗೆ."

ಹುಡುಗಿ ತಲೆ ತಗ್ಗಿಸಿ ಚೀಟಿ ಬರೆದಳು. "ಸಾರಿ ಸರ್," ಎಂದು ಅದನ್ನು ಅವನ ಕೈಗಿಟ್ಟಳು. ಅಜ್ಜಿ ಎದ್ದು ಬಂದು ಬಾಗಿಲು ಹಿಡಿದು ನಿಂತರು. "ಎಷ್ಟು ತಾಳ್ಮೆ ನಿನಗೆ, ಮಗಾ," ಎಂದರು.

ಹೊರಗೆ ಬಿಸಿಲಿತ್ತು. ಅವನು ಹೆಂಡತಿಯನ್ನು ಎತ್ತಿ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದ. ಬೆಲ್ಟ್ ಹಾಕಿದ. ಕಿಟಕಿಯ ಕಡೆಯಿಂದ ಬಿಸಿಲು ಬೀಳದಂತೆ ಟವಲ್ ಸಿಕ್ಕಿಸಿದ. ಕುರ್ಚಿ ಮಡಚಿ ಹಿಂದಿಟ್ಟು, ಅವಳ ಪಕ್ಕ ಬಂದು ಕೂತು, ಪ್ಯಾಂಟಿನ ಜೇಬಿನಿಂದ ತನ್ನ ಫೋನ್ ತೆಗೆದ.

'ನಿಮ್ಮ ಹೆಂಡತಿಯ ಟ್ಯಾಬ್ಲೆಟ್ಟಿನಲ್ಲಿ ನೀವು ತಡೆಹಿಡಿದಿರುವ ಆ್ಯಪ್ ತೆರೆಯಲು ಕೋರಿಕೆ ಬಂದಿದೆ,' ಎಂದಿತ್ತು ಅದರಲ್ಲಿ. ಹೋದ ವಾರ ಅವಳು ಫೋನಿನಲ್ಲಿದ್ದ ಅಕ್ಕನಿಗೆ ಮೂರು ಚಿತ್ರ ಮುಟ್ಟಿ, 'ನನ್ನನ್ನು ನಿನ್ನ ಮನೆಗೆ ಕರೆದುಕೊಂಡು ಹೋಗು' ಎಂದು ಟ್ಯಾಬ್ಲೆಟ್ಟಿನಿಂದ ಹೇಳಿಸಿದ್ದಳು. ಅದಾದ ಕೂಡಲೇ ಅವನು ಆ ಆ್ಯಪನ್ನು ತಡೆಹಿಡಿದಿದ್ದ.

ಹೆಂಡತಿ ನೋಡುತ್ತಿದ್ದಂತೆಯೇ ಅವನು 'ಬೇಡ' ಒತ್ತಿದ.