ಅಕ್ಕನ ಕನಕಾಂಬರದ ಮಡಿ

ನನ್ನ ತಪ್ಪಿಗೆ ಅಕ್ಕ ಬೈಸಿಕೊಂಡಾಗ ನಾನು ಬಾಯಿ ಬಿಡಲಿಲ್ಲ. ನಿನ್ನೆ ನನ್ನ ಮಗ ಕುಂಡಗಳಿಗೆಂದು ಕೆರೆಗೋಡು, ಅಂದರೆ ಕೆರೆಯ ತಳದ ಮೆಕ್ಕಲುಮಣ್ಣು, ತಂದು ಸುರಿದಾಗ, ಆ ಹಸಿ ವಾಸನೆಗೆ ಬಡವನಹಳ್ಳಿಯ ನಮ್ಮ ತವರಿನ ಹಿತ್ತಲು ಕಣ್ಣೆದುರು ಬಂತು.

ಅಲ್ಲಿಯ ಮಣ್ಣು ಬರೀ ಗರಸು, ಹೂಗಿಡದ ಬೇರು ಇಳಿಯುತ್ತಿರಲಿಲ್ಲ. ಅಕ್ಕ ಕಲ್ಲು ಜೋಡಿಸಿ, ಕನಕಾಂಬರಕ್ಕೆ ಏರುಮಡಿ ಕಟ್ಟಿದ್ದಳು. "ನಾನು ಕುರಿಗೊಬ್ಬರ ತತ್ತೀನಿ, ನೀನು ಹತ್ತು ಮಂಕರಿ ಕೆರೆಗೋಡು ತುಂಬ್ಸು. ಮೊದಲ್ನೇ ಹೂವ ನಿನ್ ಜಡೆಗೇ ಕಣೆ," ಎಂದು ಹೋದಳು. ಉರಿಬಿಸಿಲಲ್ಲಿ ಕೆರೆಗೆ ಅಷ್ಟು ಸಲ ಹೋಗಲು ನನಗೆ ಬೇಸರ. ಬೇಲಿ ಪಕ್ಕದ, ಹುಲ್ಲೂ ಹುಟ್ಟದ ಚೌಳುಮಣ್ಣನ್ನು ತಳಕ್ಕೆ ಸುರಿದು, ಎರಡೇ ಮಂಕರಿ ಗೋಡು ತಂದು ಮೇಲೆ ಹರಡಿದೆ. ಅಕ್ಕ ಬಂದು ಕೈಯಾಡಿಸಿ, "ಬೆಣ್ಣೆ ಇದ್ದಂಗೈತೆ," ಎಂದು ನನ್ನ ಕೆನ್ನೆ ಸವರಿದಳು. ಅವಳ ಬೆರಳಿನ ಗೋಡು ಕೆನ್ನೆಯ ಮೇಲೆ ಒಣಗಿ ಬಿಗಿಯಿತು.

ತಿಂಗಳೊಳಗೆ ಅಕ್ಕ ನೆಟ್ಟ ಸಸಿಗಳೆಲ್ಲ ಒಣಗಿದವು. "ನಿನ್ ಕೈಗುಣವೇ ಸರಿಯಿಲ್ಲ. ಇನ್ಮೇಲೆ ಗಿಡ ಮುಟ್ಬೇಡ," ಎಂದು ಅಜ್ಜಿ ಅಕ್ಕನಿಗೆ ಹೇಳಿದಳು. ನಾನು ಪಕ್ಕದಲ್ಲೇ ಕಡಲೆಕಾಯಿ ಬಿಡಿಸುತ್ತಿದ್ದೆ. ಅಕ್ಕ ಮತ್ತೆಂದೂ ಗಿಡ ಮುಟ್ಟಲಿಲ್ಲ, ಗಂಡನ ಮನೆಯಲ್ಲೂ.

ನಿನ್ನೆ ನಮ್ಮ ಮನೆಗೆ ಬಂದಿದ್ದ ಅವಳ ಕೈಗೆ ಮಗ ಸಸಿ ಕೊಡಹೋದ. ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು. "ಬ್ಯಾಡ ಕಣಪ್ಪ, ಒಣಗೋಗ್ಬುಡ್ತದೆ."

"ಅಕ್ಕಾ, ನಿನ್ ಕೈ ಚೆನ್ನಾಗೇ ಐತೆ," ಎಂದೆ. "ಅವತ್ತು ಚೌಳುಮಣ್ಣು ತುಂಬಿದ್ದು ನಾನು. ತಪ್ಪಾಯ್ತು ಕಣಕ್ಕ."