ಹಿಗ್ಗಿದ ಬೋಲ್ಟು

ಇಪ್ಪತ್ತು ದಿನದ ಹಿಂದೆ ತನ್ನ ಕೈಯಾರೆ ಎಂಜಿನ್ನಿಗೂ ಅದರ ಮುಚ್ಚಳದಂತಿರುವ ಹೆಡ್ಡಿಗೂ ನಡುವೆ ಕೂರಿಸಿದ್ದ ಹೆಡ್ ಗ್ಯಾಸ್ಕೆಟ್ಟನ್ನು ಮಿಸ್ತ್ರಿ ದಾವಲ್‌ಸಾಬ್ ಬಿಚ್ಚಿ ಬೆಳಕಿಗೆ ಹಿಡಿದ. ಸಿಲಿಂಡರಿನ ಅಂಚಿನಿಂದ ನೀರಿನ ತೂತಿನವರೆಗೆ ಸುಟ್ಟು ದಾರಿ ಬಿದ್ದಿತ್ತು. ಮಸ್ಕಿ ದಾಟುತ್ತಲೇ ಕಾರು ಬಿಳಿ ಹೊಗೆ ಉಗುಳಿದ್ದು ಸುಮ್ಮನೆ ಅಲ್ಲ.

ಸಿಂಧನೂರಿನ ಆ ಗ್ಯಾರೇಜಿನ ಮುಂದೆ ಗಂಡ ಹೆಂಡತಿ ಕಾದು ನಿಂತಿದ್ದರು. ಕಾರು ಅಮರೇಶ್ವರಿಯದು. ಲಿಂಗಸುಗೂರಿನ ಕಾಲೇಜಿನಲ್ಲಿ ಪಾಠ ಹೇಳುವ ಆಕೆ ನಲವತ್ತೆರಡನೇ ವಯಸ್ಸಿಗೆ ಡ್ರೈವಿಂಗ್ ಕಲಿತು, ಬಸ್ಸಿನ ಹಂಗು ಬಿಟ್ಟು ದಿನಾ ಓಡಾಡುತ್ತಿದ್ದಳು. ಎರಡನೇ ಸಲ ಕಾರು ಕೆಟ್ಟಾಗ ಗಂಡ ಭೀಮೇಶ ಚಾವಿಯನ್ನು ತನ್ನ ಜೇಬಿಗೆ ಇಳಿಸಿಕೊಂಡಿದ್ದ. ಮಿಸ್ತ್ರಿ ಹೇಳಿದಂತೆ ಎಂದು ಮನೆಯಲ್ಲಿ ಮಾತಾಗಿತ್ತು. ತಪ್ಪು ಅವಳದೇ ಆದರೆ ಇನ್ನು ಮೇಲೆ ಬಸ್ಸೇ ಗತಿ.

ಭೀಮೇಶ ಜೀವಮಾನದಲ್ಲಿ ಒಂದು ನಟ್ಟು ತಿರುಗಿಸಿದವನಲ್ಲ. ಆದರೂ ಟರ್ಬೊ ಗಾಡಿ, ಇವಳು ಜೋರಾಗಿ ಓಡಿಸುತ್ತಾಳೆ, ಎಂಜಿನ್ ಕಾದಿರುವಾಗಲೇ ಬಂದ್ ಮಾಡುತ್ತಾಳೆ, ಇನ್ನೇನಾಗುತ್ತದೆ ಎಂದು ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ಒಪ್ಪಿಸಿದ. "ಹೌದಿಲ್ರಿ, ದಾವಲ್‌ಸಾಬ್ರ?"

ಹೂಂ ಅಂದರೆ ಸಾಕಿತ್ತು, ಹೆಸರು ಉಳಿಯುತ್ತಿತ್ತು. ಅದೇನು ಸಣ್ಣ ಹೆಸರೇ? ಗೊರೇಬಾಳ, ದಢೇಸುಗೂರಿನ ಗದ್ದೆಗಳಲ್ಲಿ ಕೆಸರು ತುಳಿಯುವ ಟ್ರ್ಯಾಕ್ಟರುಗಳಲ್ಲಿ ಅರ್ಧಕ್ಕರ್ಧ ಅವನ ಕೈ ಸೋಕಿದವು. ದಾವಲ್‌ಸಾಬ್ ಬಿಗಿದದ್ದು ಅಲುಗಾಡುವುದಿಲ್ಲ ಎಂದು ಊರೇ ಹೇಳುತ್ತಿತ್ತು, ಕೇಳಿದಾಗಲೆಲ್ಲ ಅವನ ಎದೆ ಒಂದಿಷ್ಟು ಉಬ್ಬುತ್ತಿತ್ತು. ಸುಳ್ಳೇಕೆ, ಹೂಂ ಅಂದುಬಿಡುವ ಆಸೆ ಅವನಿಗೂ ಆಯಿತು.

"ನಂದ ಏನರ ತಪ್ಪಾಗೇತೇನ್ರಿ?" ಅಮರೇಶ್ವರಿ ಮೆಲ್ಲಗೆ ಕೇಳಿದಳು. "ಇದ್ದದ್ದ ಹೇಳ್ರಿ."

ದಾವಲ್‌ಸಾಬ್ ಹೆಡ್ಡಿನಿಂದ ಬಿಚ್ಚಿದ ಹತ್ತು ಬೋಲ್ಟುಗಳನ್ನು ಡೀಸೆಲ್ಲಿನಲ್ಲಿ ತೊಳೆದು, ಒರೆಸಿ, ಗಾಜಿನ ಹಲಗೆಯ ಮೇಲೆ ತಲೆಕೆಳಗಾಗಿ ಸಾಲಾಗಿ ನಿಲ್ಲಿಸಿದ. ಗ್ಯಾಸ್ಕೆಟ್ಟಿನ ಜೊತೆ ಈ ಸಲ ರಾಯಚೂರಿನಿಂದ ತರಿಸಿದ್ದ ಹೊಸ ಬೋಲ್ಟುಗಳಲ್ಲಿ ಒಂದನ್ನು ಪಕ್ಕಕ್ಕೆ ಇಟ್ಟು, ಕನ್ನಡಕ ಹಾಕಿ ಬಗ್ಗಿ ನೋಡಿದ. ಹೊಸದು ಉಗುರಿನ ದಪ್ಪದಷ್ಟು ಗಿಡ್ಡವಾಗಿತ್ತು. ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ನೋಡ್ರಿ, ಹಳೇವು ಹಿಗ್ಗ್ಯಾವ. ಹಿಗ್ಗಿದ ಬೋಲ್ಟ ಎಷ್ಟ ಬಿಗದ್ರೂ ಹಿಡಿಯಂಗಿಲ್ಲ. ಟರ್ಬೊ ಗಾಳಿ ಒತ್ತಿ ತುಂಬತೈತಿ, ಒಳಗ ಒತ್ತಡ ಜಾಸ್ತಿ. ಹೆಡ್ ಕೂದಲೆಳಿಯಷ್ಟ ಮ್ಯಾಲೆದ್ರೂ ಸಾಕು, ಗ್ಯಾಸ್ಕೆಟ್ ಸುಡ್ತೈತಿ."

ಹಾಗಿದ್ದರೆ ಹಳೆಯವನ್ನೇ ಯಾಕೆ ಹಾಕಿದಿರಿ ಎಂದು ಭೀಮೇಶ ಕೇಳಿದ. ಬೋಲ್ಟೂ ಹೊಸದು ಒಯ್ಯಿರಿ ಎಂದು ರಾಯಚೂರಿನ ಅಂಗಡಿಯವನು ಹೋದ ಸಲವೇ ಹೇಳಿದ್ದ. ಒಂದೇ ಬೋಲ್ಟನ್ನು ಟ್ರ್ಯಾಕ್ಟರಿಗೆ ಐದೈದು ಸಲ ಹಾಕಿದವನು ನಾನು, ನನಗೇನು ಹೇಳುತ್ತೀ ಎಂದು ದಾವಲ್‌ಸಾಬ್ ನಕ್ಕು ಬಂದಿದ್ದ. ಅದನ್ನೂ ಮುಚ್ಚಿಡದೆ ಹೇಳಿದ.

ಆಮೇಲೆ ಹೆಡ್ಡಿನ ಮೇಲೆ ಉಕ್ಕಿನ ಪಟ್ಟಿ ಇಟ್ಟು, ಅದರ ಕೆಳಗೆ ತೆಳ್ಳನೆಯ ಬೀಡಿ ಕಟ್ಟಿನ ಕಾಗದ ತೂರಿಸಲು ನೋಡಿದ. ಎಲ್ಲಿಯೂ ತೂರಲಿಲ್ಲ, ಹೆಡ್ ಸಪಾಟಾಗಿಯೇ ಇತ್ತು.

"ಕಾವಿನ ಸೂಜಿ ಏರಿದ ಕೂಡ್ಲೇ ಮೇಡಮ್ಮಾರು ಗಾಡಿ ನಿಲ್ಸ್ಯಾರ. ಇನ್ನೊಂದ ಮೈಲು ಎಳದಿದ್ರ ಹೆಡ್ ಸೊಟ್ಟ ಆಗಿರ್ತಿತ್ತು. ತಪ್ಪಿದ್ದು ನನ್ನ ಕೈ, ಇವರದಲ್ಲ."

ಅಮರೇಶ್ವರಿ ಗಂಡನ ಮುಂದೆ ಅಂಗೈ ಚಾಚಿದಳು. ಜೇಬಿನಿಂದ ಚಾವಿ ಹೊರಬಂತು.

ದಾವಲ್‌ಸಾಬ್ ಸುಟ್ಟ ಗ್ಯಾಸ್ಕೆಟ್ಟನ್ನು ಒಯ್ದು, ರಸ್ತೆಗೆ ಕಾಣುವಂತೆ ಗ್ಯಾರೇಜಿನ ಬಾಗಿಲಿನ ಮೊಳೆಗೆ ತೂಗುಹಾಕಿದ. ನೋಡಿದವರು ಇದು ಯಾರು ಕೆಡಿಸಿದ್ದು ಎಂದು ಕೇಳುವುದಿಲ್ಲವೇ ಎಂದ ಭೀಮೇಶ, ಇನ್ನೂ ಮುಖ ಸಿಂಡರಿಸಿಕೊಂಡೇ.

"ಕೇಳ್ಲಿ ಬಿಡ್ರಿ. ಮೂವತ್ತು ವರ್ಷ ಒಳ್ಳೇ ಕೆಲಸಕ್ಕೆಲ್ಲ ನನ್ನ ಹೆಸರ ಹೇಳ್ಯಾರ. ಇದೊಂದಕ್ಕ ಬ್ಯಾರೆಯವರ ಹೆಸರು ಯಾಕ?"